ಹಳೇ ಲ್ಯಾಪ್‌ಟಾಪ್ ಡೆಡ್ ಅಂದರಾ? ಬಿಚ್ಚುವ ಮೊದಲು ಇಷ್ಟು ನೋಡಿ

ದಾವಣಗೆರೆಯ ಗುಜರಿ ಅಂಗಡಿಗೆ ಹೋಗಿ ಹಳೇ ಲ್ಯಾಪ್‌ಟಾಪ್ ಇದೆಯಾ ಅಂತ ಕೇಳಿದರೆ ಬರುವ ಉತ್ತರ ಹೆಚ್ಚುಕಮ್ಮಿ ಒಂದೇ: "ಐತ್ರಿ, ಆದ್ರೆ ಡೆಡ್ ಐತಿ. ತೂಕಕ್ಕೆ ಬೇಕಾದ್ರೆ ಒಯ್ರಿ." ಹಾಗೆ ತೂಕಕ್ಕೆ ತಂದವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈಗ ನನ್ನ ಮೇಜಿನ ಮೇಲೆ ಓಡುತ್ತಿವೆ. ಇದನ್ನು ನನ್ನ ಕೈಚಳಕ ಅಂದುಕೊಳ್ಳಬೇಡಿ. ಅವು ಸತ್ತೇ ಇರಲಿಲ್ಲ. ಒಂದಕ್ಕೆ ಬೇರೆ ಯಾವುದೋ ಅಡಾಪ್ಟರ್ ಚುಚ್ಚಿದ್ದರು. ಇನ್ನೊಂದರ ರ‍್ಯಾಮ್ ಎಂಬ ಮೆಮೊರಿ ಪಟ್ಟಿ ಸಡಿಲವಾಗಿತ್ತು. ಮತ್ತೊಂದರ ಮುಚ್ಚಳದ ಸ್ವಿಚ್ಚಿನಲ್ಲಿ ಖಾರಾ ಮಂಡಕ್ಕಿಯ ಒಂದು ಕಾಳು ಸಿಕ್ಕಿಕೊಂಡಿತ್ತು. ನಿಜವಾಗಿ ಸತ್ತವುಗಳಲ್ಲಿ ಎರಡನ್ನು ಕೊಂದವನು ನಾನೇ. ಆ ಎರಡೂ ಕಥೆ ಮುಂದೆ ಬರುತ್ತವೆ.

ಇಲ್ಲಿರುವುದು ಸುಮಾರು 1995ರಿಂದ 2008ರವರೆಗಿನ ಲ್ಯಾಪ್‌ಟಾಪುಗಳ ಮಾತು. ಬೇಕಾಗುವ ಸಾಮಾನು ಕಡಿಮೆ: ಒಂದು ಸಾಧಾರಣ ಮಲ್ಟಿಮೀಟರ್, ಒಳ್ಳೆಯ ಸ್ಕ್ರೂಡ್ರೈವರ್ ಸೆಟ್, ಟಾರ್ಚ್, ಮೆತ್ತಗಿನ ಬ್ರಷ್, ಬಿಳಿ ರಬ್ಬರ್, 99 ಪರ್ಸೆಂಟಿನ ಐಸೋಪ್ರೊಪೈಲ್ ಆಲ್ಕೋಹಾಲ್. ಸ್ಕ್ರೂ ಇಡುವುದಕ್ಕೆ ಮನೆಯ ಹಳೇ ಇಡ್ಲಿ ತಟ್ಟೆಗಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಒಂದೊಂದು ಗುಳಿಗೆ ಒಂದೊಂದು ಜಾಗದ ಸ್ಕ್ರೂ, ಪಕ್ಕದಲ್ಲಿ ಒಂದು ಚೀಟಿ.

ಪ್ಲಗ್ ಹಾಕುವ ಮೊದಲು

ಮನೆಗೆ ತಂದ ಕೂಡಲೇ ಕರೆಂಟ್ ಕೊಡಬೇಕು ಅಂತ ಕೈ ಕಡಿಯುತ್ತದೆ. ತಡೆದುಕೊಳ್ಳಿ. ಮೊದಲು ಬ್ಯಾಟರಿ ತೆಗೆಯಿರಿ. ಅದು ಸಲೀಸಾಗಿ ಹೊರಗೆ ಬರದೆ ಬಿಗಿಯಾಗಿದ್ದರೆ, ಅಥವಾ ಲ್ಯಾಪ್‌ಟಾಪ್ ಮೇಜಿನ ಮೇಲೆ ಸಮವಾಗಿ ಕೂರದೆ ಅಲ್ಲಾಡುತ್ತಿದ್ದರೆ, ಒಳಗೆ ಬ್ಯಾಟರಿ ಊದಿರಬಹುದು. ಊದಿದ್ದನ್ನು ಒತ್ತಬೇಡಿ, ಚುಚ್ಚಬೇಡಿ, ಸ್ಕ್ರೂಡ್ರೈವರಿನಿಂದ ಮೀಟಬೇಡಿ. ಚಾರ್ಜ್ ಮಾಡುವ ಮಾತಂತೂ ಬೇಡವೇ ಬೇಡ. ಒಣ ಮರಳಿರುವ ತಗಡಿನ ಡಬ್ಬಿಯಲ್ಲಿಟ್ಟು ಮನೆಯ ಹೊರಗೆ, ಬಿಸಿಲು ಬೀಳದ ಕಡೆ ಇಡಿ. ಆಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ-ತ್ಯಾಜ್ಯದವರಿಗೆ ಕೊಡಿ. ಕಸದ ಗಾಡಿಗೆ ಹಾಕಿದರೆ ಗಾಡಿಯೊಳಗೇ ಬೆಂಕಿ ಹತ್ತಬಹುದು.

ಬ್ಯಾಟರಿ ಸೆಲ್ ನಾವೇ ಬದಲಾಯಿಸೋಣ ಅಂತ ಹೊಸಬರು ಕೇಳುತ್ತಾರೆ. ನನ್ನ ಉತ್ತರ ಬೇಡ ಅಂತಲೇ. ಹೆಚ್ಚಿನ ಹಳೇ ಲ್ಯಾಪ್‌ಟಾಪುಗಳು ಬ್ಯಾಟರಿ ಇಲ್ಲದೆ ಅಡಾಪ್ಟರಿನಲ್ಲೇ ಚೆನ್ನಾಗಿ ನಡೆಯುತ್ತವೆ. ಹವ್ಯಾಸಕ್ಕೆ ಅಷ್ಟು ಸಾಕಲ್ವಾ?

ಇನ್ನು ಮೂಗಿಗೆ ಕೆಲಸ ಕೊಡಿ. ಫ್ಯಾನಿನ ಕಿಂಡಿ, ಕೀಬೋರ್ಡಿನ ಸಂದು, ಎರಡೂ ಕಡೆ ಮೂಸಿ ನೋಡಿ. ಮೀನಿನ ವಾಸನೆ ಬಂದರೆ ಒಳಗಿನ ಕೆಪಾಸಿಟರ್, ಅಂದರೆ ಚಾರ್ಜ್ ಕೂಡಿಟ್ಟುಕೊಳ್ಳುವ ಪುಟ್ಟ ಡಬ್ಬಿ, ಸೋರಿರುವ ಗುಮಾನಿ. 90ರ ದಶಕದ ಮೆಷಿನ್ನುಗಳಲ್ಲಿ ಇದು ಜಾಸ್ತಿ. ಸ್ಕ್ರೀನಿನಿಂದ ವಿನೆಗರ್ ಹುಳಿ ವಾಸನೆ ಬಂದರೆ ಅದರ ಪೋಲರೈಸರ್ ಹಾಳೆ ಕೊಳೆಯುತ್ತಿದೆ. ಸುಟ್ಟ ವಾಸನೆ ಬಂದರೆ ಪ್ಲಗ್ ಹಾಕದೆ ಬಿಚ್ಚಿ ನೋಡುವುದೇ ಸರಿ.

ಊರಿನದೂ ಒಂದು ವಾಸನೆ ಇದೆ. ಮಂಡಕ್ಕಿ ಭಟ್ಟಿಗಳ ಸುತ್ತಮುತ್ತ ಬಳಕೆಯಾದ ಲ್ಯಾಪ್‌ಟಾಪ್ ಬಿಚ್ಚಿದರೆ ಒಳಗೆ ಕಪ್ಪು, ಜಿಡ್ಡು ಜಿಡ್ಡು ಮಸಿ ಕೂತಿರುತ್ತದೆ. ಇದು ಸಾಮಾನ್ಯ ಧೂಳಿನ ಹಾಗೆ ಊದಿದರೆ ಹಾರುವುದಿಲ್ಲ. ಮಸಿ ಎಂದರೆ ಇಂಗಾಲ, ಅದಕ್ಕೆ ತೇವ ಸೇರಿದರೆ ಬೋರ್ಡಿನ ಮೇಲೆ ಕರೆಂಟ್ ದಾರಿ ತಪ್ಪಬಹುದು. ಬ್ರಷ್ಷಿಗೆ ಆಲ್ಕೋಹಾಲ್ ತಾಗಿಸಿ ಉಜ್ಜಿ, ಪೂರ್ತಿ ಒಣಗಿದ ಮೇಲಷ್ಟೇ ಕರೆಂಟ್ ಕೊಡಿ. ಆಲ್ಕೋಹಾಲ್ ಬಳಸುವಾಗ ಕಿಟಕಿ ತೆಗೆದಿರಲಿ, ಊದುಬತ್ತಿ, ದೀಪ ಹತ್ತಿರ ಬೇಡ.

"ಮುಟ್ಟಿದರೆ ಜುಮ್ ಅನ್ನುತ್ತೆ"

ಲೋಹದ ಅಂಚು ಅಥವಾ ಸ್ಕ್ರೂ ಮುಟ್ಟಿದಾಗ ಇರುವೆ ಹರಿದ ಹಾಗೆ ಜುಮ್ ಅಂದರೆ, ಹೆಚ್ಚಿನ ಸಲ ತಪ್ಪು ಲ್ಯಾಪ್‌ಟಾಪಿನದ್ದಲ್ಲ, ಗೋಡೆಯದ್ದು. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಅರ್ತ್ ತಂತಿ ಎಲ್ಲೂ ಸೇರಿರುವುದಿಲ್ಲ. ಅಡಾಪ್ಟರಿನ ಒಳಗಿನ ಫಿಲ್ಟರ್ ಕೆಪಾಸಿಟರಿನಿಂದ ಸೋರುವ ಚೂರು ಕರೆಂಟಿಗೆ ಭೂಮಿಗೆ ಹೋಗಲು ದಾರಿ ಇಲ್ಲದೆ ನಿಮ್ಮ ಕೈ ಹಿಡಿಯುತ್ತದೆ. ಅರ್ತ್ ಸರಿ ಇರುವ ಬೇರೆ ಸಾಕೆಟ್ಟಿಗೆ ಹಾಕಿ ನೋಡಿ. ಜುಮ್ ನಿಂತರೆ ಎಲೆಕ್ಟ್ರಿಷಿಯನ್ ಕರೆಸಿ. ಜುಮ್ ಅನ್ನುವುದನ್ನು ಬಿಟ್ಟು ಜೋರಾಗಿ ಹೊಡೆದರೆ ಆ ಅಡಾಪ್ಟರನ್ನು ಮತ್ತೆ ಮುಟ್ಟಬೇಡಿ.

ಅಡಾಪ್ಟರನ್ನು ಬಿಚ್ಚಿ ರಿಪೇರಿ ಮಾಡುವ ಆಸೆಯೂ ಬೇಡ. ನಮ್ಮ 230 ವೋಲ್ಟ್ ಒಳಗೆ ಡಿಸಿ ಆಗುವಾಗ ಸುಮಾರು 325 ವೋಲ್ಟ್ ಆಗುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಕೆಪಾಸಿಟರಿನಲ್ಲಿ ಕೂತಿರಬಹುದು.

"ಬಟನ್ ಒತ್ತಿದರೆ ಏನೂ ಇಲ್ಲ, ಒಂದು ಲೈಟೂ ಇಲ್ಲ"

ಜನ ಡೆಡ್ ಅನ್ನುವುದು ಇದನ್ನೇ. ಕಾಸು ಖರ್ಚಿಲ್ಲದ ಪರೀಕ್ಷೆ ಮೊದಲು. ಅಡಾಪ್ಟರ್, ಬ್ಯಾಟರಿ ಎರಡೂ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಹೋಗುತ್ತದೆ. ಆಮೇಲೆ ಅಡಾಪ್ಟರ್ ಒಂದನ್ನೇ ಹಾಕಿ ಆನ್ ಮಾಡಿ. ಇಷ್ಟಕ್ಕೇ ಎದ್ದ ಮೆಷಿನ್ ನನ್ನ ಹತ್ತಿರ ಎರಡಿವೆ.

ಏಳಲಿಲ್ಲವಾ? ಅಡಾಪ್ಟರ್ ಮೇಲಿನ ಚೀಟಿ ಓದಿ, ಲ್ಯಾಪ್‌ಟಾಪಿನ ತಳದ ಚೀಟಿಯನ್ನೂ ಓದಿ. ವೋಲ್ಟ್ ಎರಡರಲ್ಲೂ ಒಂದೇ ಇರಬೇಕು. ಆಂಪಿಯರ್ ಅಡಾಪ್ಟರಿನಲ್ಲಿ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಕಡಿಮೆ ಇರಬಾರದು. ಪಿನ್ ಕೂತಿತು ಅಂದ ಮಾತ್ರಕ್ಕೆ ಅದು ಅದರದ್ದೇ ಅಡಾಪ್ಟರ್ ಅಂತ ಅಲ್ಲ. ಥಿಂಕ್‌ಪ್ಯಾಡ್ ಅನ್ನುವ ಐಬಿಎಂ-ಲೆನೊವೊ ಲ್ಯಾಪ್‌ಟಾಪಿನ ಉದಾಹರಣೆ ನೋಡಿ. ಟಿ43 ಮಾಡೆಲಿನವರೆಗೆ ಅದು 16 ವೋಲ್ಟಿನದು. 2006ರ ಟಿ60ಯಿಂದ 20 ವೋಲ್ಟ್. ಅಲ್ಲಿ ಪಿನ್ ಗಾತ್ರವನ್ನೂ ಬದಲಾಯಿಸಿದ್ದರಿಂದ ತಪ್ಪಾಗುವುದು ಕಷ್ಟ. ಎಲ್ಲ ಕಂಪನಿಯಲ್ಲೂ ಆ ಪುಣ್ಯ ಇಲ್ಲ.

ನಾನು ಕೊಂದ ಮೊದಲನೇ ಲ್ಯಾಪ್‌ಟಾಪ್ ಸತ್ತಿದ್ದು ಇಲ್ಲೇ. ಅದಕ್ಕೆ ಬೇಕಿದ್ದುದು 15 ವೋಲ್ಟ್. ನನ್ನ ಕೈಯಲ್ಲಿದ್ದುದು ವೋಲ್ಟ್ ಬದಲಾಯಿಸುವ ಸ್ವಿಚ್ ಇರುವ ಯೂನಿವರ್ಸಲ್ ಅಡಾಪ್ಟರ್. ಸ್ವಿಚ್ 24ರಲ್ಲಿತ್ತು. ನಾನು ನೋಡಲಿಲ್ಲ. ಚಿಟ್ ಅಂತ ಒಂದು ಸದ್ದು, ಒಂದು ಎಳೆ ಹೊಗೆ, ಅಷ್ಟೇ. ಮೀಟರ್ ಮೇಜಿನ ಮೇಲೇ ಇತ್ತು, ಅಳೆಯುವುದಕ್ಕೆ ಹತ್ತು ಸೆಕೆಂಡು ಸಾಕಿತ್ತು.

ಅಳೆಯುವುದು ಹೀಗೆ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಕೆಂಪು ತುದಿಯನ್ನು ಪಿನ್ನಿನ ಒಳಗೆ, ಕಪ್ಪನ್ನು ಹೊರ ಕವಚಕ್ಕೆ ತಾಗಿಸಿ. ಎರಡೂ ಒಂದಕ್ಕೊಂದು ತಾಗದಿರಲಿ. ಚೀಟಿಯಲ್ಲಿ 19 ಅಂತಿದ್ದರೆ 18.5ರಿಂದ 20ರ ಒಳಗೆ ಬಂದರೆ ಸರಿ. ಮೈನಸ್ ಗುರುತು ಬಂದರೆ ಪ್ಲಸ್ಸು ಮೈನಸ್ಸು ಅದಲುಬದಲಾಗಿದೆ. ಪ್ಲಸ್ಸು ಪಿನ್ನಿನ ಒಳಗೋ ಹೊರಗೋ ಅಂತ ತೋರಿಸುವ, ಚೀಟಿಯ ಮೇಲಿನ ಚಿಕ್ಕ ವೃತ್ತದ ಚಿತ್ರ ನೋಡದೆ ಹಾಕಬೇಡಿ.

ವೋಲ್ಟ್ ಸರಿಯಾಗಿ ತೋರಿಸಿಯೂ ಅಡಾಪ್ಟರ್ ಕೆಟ್ಟಿರಬಹುದು. ಭಾರ ಇಲ್ಲದಾಗ 19 ತೋರಿಸಿ, ಲ್ಯಾಪ್‌ಟಾಪ್ ಹಾಕಿದ ಕೂಡಲೇ ಕುಸಿಯುವ ಅಡಾಪ್ಟರುಗಳು ಬೇಕಾದಷ್ಟಿವೆ. ನಾನು ಮಾಡುವ ಉಪಾಯ ಇದು: ಆಟೊಮೊಬೈಲ್ ಅಂಗಡಿಯಿಂದ ಕಾರಿನ 12 ವೋಲ್ಟ್, 21 ವ್ಯಾಟ್ ಇಂಡಿಕೇಟರ್ ಬಲ್ಬ್ ಎರಡು ತಂದು, ಒಂದರ ಹಿಂದೆ ಒಂದು ಸರಣಿಯಾಗಿ ಜೋಡಿಸಿ ಅಡಾಪ್ಟರಿಗೆ ಹಚ್ಚುತ್ತೇನೆ. ಒಂದೂವರೆ ಆಂಪಿಯರ್ ಹತ್ತಿರ ಎಳೆಯುತ್ತವೆ. ಐದು ನಿಮಿಷ ಬಲ್ಬ್ ಮಿಣುಕದೆ ಉರಿದು ವೋಲ್ಟ್ ನಿಂತರೆ ಅಡಾಪ್ಟರ್ ಗಟ್ಟಿ. ಬಲ್ಬ್ ಸುಡುತ್ತದೆ, ಪ್ಲಾಸ್ಟಿಕ್ ಮೇಲೆ ಇಡಬೇಡಿ.

ಅಡಾಪ್ಟರ್ ಪಾಸಾದರೆ ಮುಂದಿನ ಅನುಮಾನ ಪಿನ್ ಹೋಗಿ ಕೂರುವ ಜ್ಯಾಕ್. ಪಿನ್ ಹಾಕಿ ಮೆಲ್ಲಗೆ ಮೇಲೆ ಕೆಳಗೆ ಅಲ್ಲಾಡಿಸಿ. ಲೈಟ್ ಬಂದು ಬಂದು ಹೋದರೆ ಜ್ಯಾಕಿನ ಬೆಸುಗೆ ಬಿರುಕು ಬಿಟ್ಟಿದೆ. ಹಳೇ ಲ್ಯಾಪ್‌ಟಾಪುಗಳಲ್ಲಿ ಇಷ್ಟು ಸಾಮಾನ್ಯವಾದ ದೋಷ ಇನ್ನೊಂದಿಲ್ಲ. ಬೋರ್ಡ್ ಹೊರಗೆ ತೆಗೆದು ಹಳೇ ಸೀಸ ತೆಗೆದು ಹೊಸದಾಗಿ ಬೆಸೆದರೆ ಮುಗಿಯಿತು. ಆದರೆ 25 ವ್ಯಾಟಿನ ಸಣ್ಣ ಸೋಲ್ಡರಿಂಗ್ ಐರನ್ ಇಲ್ಲಿ ಸಾಲದು. ಜ್ಯಾಕಿನ ಗ್ರೌಂಡ್ ಕಾಲು ದೊಡ್ಡ ತಾಮ್ರದ ಹಾಳೆಗೆ ಸೇರಿರುವುದರಿಂದ ಬಿಸಿಯೆಲ್ಲ ಅದೇ ಕುಡಿಯುತ್ತದೆ. ಕರಗಲಿಲ್ಲ ಅಂತ ನಾವು ಒತ್ತುತ್ತೇವೆ, ಬೋರ್ಡಿನ ತಾಮ್ರವೇ ಎದ್ದು ಬರುತ್ತದೆ. 60 ವ್ಯಾಟಿನದು ಬಳಸಿ, ಬೇಗ ಮುಗಿಸಿ.

ಜ್ಯಾಕೂ ಸರಿ ಇದ್ದರೆ ಅದರ ಪಕ್ಕದ ಪುಟ್ಟ ಫ್ಯೂಸನ್ನು ಮೀಟರಿನ ಬೀಪ್‌ನಲ್ಲಿ ನೋಡಿ. ಬೀಪ್ ಬರದಿದ್ದರೆ ಫ್ಯೂಸ್ ಹೋಗಿದೆ. ಸುಮ್ನೆ ತಂತಿ ಬೆಸೆಯಬೇಡಿ. ಅದು ಹೋಗಿದ್ದಕ್ಕೆ ಕಾರಣ ಮುಂದೆ ಎಲ್ಲೋ ಇದೆ. ಕರೆಂಟ್ ಎಲ್ಲ ತೆಗೆದು ಜ್ಯಾಕಿನ ಪ್ಲಸ್ಸಿಗೂ ಗ್ರೌಂಡಿಗೂ ಓಮ್ ಅಳೆದಾಗ ಸೊನ್ನೆಯ ಹತ್ತಿರ ಬಂದರೆ ಶಾರ್ಟ್ ಇದೆ ಅಂತಲೇ ಅರ್ಥ. ಹೊಸಬರು ಇಲ್ಲಿ ನಿಲ್ಲಿಸಿ, ಬೋರ್ಡ್ ಮಟ್ಟದ ಕೆಲಸ ಗೊತ್ತಿರುವವರ ಹತ್ತಿರ ಹೋಗಿ. ಊರಿನ ಮೊಬೈಲ್ ರಿಪೇರಿಯವರಲ್ಲಿ ಸೂಕ್ಷ್ಮ ಬೆಸುಗೆಗೆ ಪಳಗಿದ ಕೈಗಳಿವೆ, ಕೇಳಿ ನೋಡಿ.

"ಲೈಟ್ ಬರುತ್ತೆ, ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಮಾತ್ರ ಕಪ್ಪು"

ಕತ್ತಲೆ ಕೋಣೆಗೆ ಒಯ್ದು ಸ್ಕ್ರೀನಿಗೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಮಸುಕಾಗಿ ಅಕ್ಷರ, ಚಿತ್ರ ಕಂಡರೆ ಕಂಪ್ಯೂಟರ್ ನಡೆಯುತ್ತಿದೆ, ಹಿಂದಿನ ಬೆಳಕು ಮಾತ್ರ ಇಲ್ಲ. ಏನೂ ಕಾಣದಿದ್ದರೆ ವಿಜಿಎ ಪೋರ್ಟಿಗೆ ಹಳೇ ಮಾನಿಟರ್ ಹಾಕಿ, ಎಫ್‌ಎನ್ ಜೊತೆ ಮಾನಿಟರ್ ಚಿತ್ರ ಇರುವ ಕೀ ಒತ್ತಿ. ಹೊರಗೆ ಬಂದರೆ ತೊಂದರೆ ಸ್ಕ್ರೀನ್ ಅಥವಾ ಕೇಬಲಿನದು. ಅಲ್ಲೂ ಬರದಿದ್ದರೆ ಮೆಷಿನ್ ಶುರುವೇ ಆಗಿಲ್ಲ.

ಶುರು ಆಗದಿದ್ದಾಗ ಮೊದಲು ರ‍್ಯಾಮ್. ಪಟ್ಟಿ ತೆಗೆದು ಅದರ ಬಂಗಾರದ ಹಲ್ಲುಗಳನ್ನು ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಆಲ್ಕೋಹಾಲ್ ಹಚ್ಚಿ, ಒಣಗಿದ ಮೇಲೆ ಕೂರಿಸಿ. ಓರೆಯಾಗಿ ತಳ್ಳಿ ಕೆಳಗೆ ಒತ್ತಿದಾಗ ಎರಡೂ ಕಡೆ ಕ್ಲಿಪ್ ಟಕ್ ಅನ್ನಬೇಕು. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ, ಒಂದೊಂದು ಸ್ಲಾಟಿನಲ್ಲಿ ಹಾಕಿ ನೋಡಿ. ನಾಲ್ಕು ಸಲ ಆನ್ ಮಾಡಬೇಕಾಗುತ್ತದೆ, ಬೇಜಾರಾಗಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಚೀಟಿಯಲ್ಲಿ ಬರೆದುಕೊಳ್ಳಿ. ಮೂರು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿ ಹೋಯಿತು, ಯಾವುದರಿಂದ ಕೆಟ್ಟಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಕೈ ಒಣಗಿರಲಿ, ಜಿಡ್ಡು ಬೇಡ. ಬೆಣ್ಣೆ ದೋಸೆ ತಿಂದು ಬಂದವರು ಸೋಪು ಹಾಕಿ ಎರಡು ಸಲ ತೊಳೆಯಬೇಕು. ತಮಾಷೆಗೆ ಹೇಳುತ್ತಿಲ್ಲ, ಆ ಹಲ್ಲುಗಳಿಗೆ ಜಿಡ್ಡು ತಾಗಿದರೆ ಧೂಳು ಅಂಟಿ ತಿಂಗಳೊಳಗೆ ಮತ್ತೆ ಅದೇ ಗೋಳು. ಚಳಿಗಾಲದ ಒಣ ಹವೆಯಲ್ಲಿ ನೈಲಾನ್ ಬಟ್ಟೆ, ಉಣ್ಣೆ ಸ್ವೆಟರ್ ಹಾಕಿಕೊಂಡು ಕೂರಬೇಡಿ. ಸ್ಟ್ಯಾಟಿಕ್ ಕರೆಂಟ್ ನಮಗೆ ಚುರುಕ್ ಅನ್ನುವ ಮೊದಲೇ ಚಿಪ್ಪಿಗೆ ಏಟು ಬಿದ್ದಿರುತ್ತದೆ.

ಬೀಪ್ ಬೀಪ್ ಅಂದರೆ ಖುಷಿಪಡಿ, ಬೋರ್ಡ್ ಜೀವಂತ ಇದೆ. ಎಷ್ಟು ಬೀಪ್, ಉದ್ದವೋ ಗಿಡ್ಡವೋ ಬರೆದುಕೊಳ್ಳಿ. ಅರ್ಥ ಒಂದೊಂದು ಕಂಪನಿಗೆ ಒಂದೊಂದು, ಆ ಮಾಡೆಲಿನ ಸರ್ವಿಸ್ ಮ್ಯಾನುಯಲ್ ನೋಡಬೇಕು. ನಿಲ್ಲದೆ ಕೂಗುತ್ತಿದ್ದರೆ ಯಾವುದೋ ಕೀ ಒತ್ತಿಕೊಂಡೇ ಕೂತಿರಬಹುದು. ಕೀಬೋರ್ಡ್ ಕೇಬಲ್ ತೆಗೆದು ಆನ್ ಮಾಡಿ ನೋಡಿ.

ರ‍್ಯಾಮ್ ಸರಿ ಇದ್ದೂ ಚಿತ್ರ ಬರದ, ಬಂದರೂ ಬಣ್ಣದ ಚೌಕ ಚೌಕ ಬರುವ ಮೆಷಿನ್ 2007-08ರ ಆಸುಪಾಸಿನದಾಗಿದ್ದರೆ, ಗ್ರಾಫಿಕ್ಸ್ ಚಿಪ್ ಸೋತಿರುವ ಸಾಧ್ಯತೆ ಇದೆ. ಆ ಕಾಲದ ಕೆಲವು ಚಿಪ್ಪುಗಳ ಒಳಗಿನ ಬೆಸುಗೆ ಬಿಸಿ-ತಂಪಿನ ಏರಿಳಿತಕ್ಕೆ ಬಿರುಕು ಬಿಡುತ್ತಿತ್ತು. ಬಿಸಿ ಗಾಳಿ ಹೊಡೆದರೆ ಕೆಲವು ವಾರ ಎದ್ದು ಕೂರುತ್ತದೆ, ಮತ್ತೆ ಮಲಗುತ್ತದೆ. ಬೋರ್ಡನ್ನು ಓವನ್ನಿನಲ್ಲಿ ಬೇಯಿಸುವ ವಿಡಿಯೋಗಳನ್ನು ನಂಬಬೇಡಿ. ಅದೇ ಓವನ್ನಿನಲ್ಲಿ ಆಮೇಲೆ ನೀವು ಕೇಕ್ ಮಾಡುವವರು. ಇಂಥದ್ದನ್ನು ಬಿಡಿಭಾಗಕ್ಕೆ ಇಟ್ಟುಕೊಳ್ಳುವುದು ಲೇಸು.

"ಚಿತ್ರ ಬರುತ್ತೆ, ಆದರೆ ಸರಿಯಿಲ್ಲ"

ಟಾರ್ಚ್ ಪರೀಕ್ಷೆಯಲ್ಲಿ ಮಸುಕು ಚಿತ್ರ ಕಂಡವರು ಮೊದಲು ಮುಚ್ಚಳದ ಸ್ವಿಚ್ ನೋಡಿ. ಹಿಂಜಿನ ಹತ್ತಿರ ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ಗುಬುಟು ಇರುತ್ತದೆ. ಅದು ಒಳಗೇ ಸಿಕ್ಕಿಕೊಂಡರೆ ಮುಚ್ಚಳ ಮುಚ್ಚಿದೆ ಅಂದುಕೊಂಡು ಮೆಷಿನ್ ಬೆಳಕು ಆರಿಸುತ್ತದೆ. ಮಂಡಕ್ಕಿ ಕಾಳು ಕೂತಿದ್ದು ಇಲ್ಲೇ. ಬೆಂಕಿಕಡ್ಡಿ ತುದಿಯಲ್ಲಿ ಎಬ್ಬಿಸಿದೆ, ಅಷ್ಟೇ ರಿಪೇರಿ.

ಆನ್ ಮಾಡಿದಾಗ ಕೆಂಪು ಛಾಯೆ ಬಂದು ನಿಧಾನಕ್ಕೆ ಬೆಳ್ಳಗಾದರೆ ಬ್ಯಾಕ್‌ಲೈಟ್ ಟ್ಯೂಬಿಗೆ ವಯಸ್ಸಾಗಿದೆ. ಬೆಳಕು ಬಂದು ಎರಡು ಸೆಕೆಂಡಿಗೆ ಆರಿದರೆ ಟ್ಯೂಬೋ ಅದಕ್ಕೆ ಕರೆಂಟ್ ಕೊಡುವ ಇನ್ವರ್ಟರ್ ಪಟ್ಟಿಯೋ, ಎರಡರಲ್ಲೊಂದು. ಇದು ಮನೆಯ ಕರೆಂಟ್ ಹೋದಾಗಿನ ಇನ್ವರ್ಟರ್ ಅಲ್ಲ, ಸ್ಕ್ರೀನಿನ ಕೆಳಗಿರುವ ಬೆರಳಗಲದ ಬೋರ್ಡು. ಚಿಕ್ಕದು ಅಂತ ಸಲಿಗೆ ಬೇಡ. ಟ್ಯೂಬ್ ಹತ್ತಿಸಲು ಅದು ಸಾವಿರ ವೋಲ್ಟ್ ದಾಟುತ್ತದೆ. ಕರೆಂಟ್ ಇರುವಾಗ ಮುಟ್ಟಬೇಡಿ, ಸಾಧಾರಣ ಮೀಟರಿನಿಂದ ಅಳೆಯಲೂಬೇಡಿ. ಟ್ಯೂಬಿನಲ್ಲಿ ಚೂರು ಪಾದರಸ ಇದೆ. ಒಡೆದರೆ ಕಿಟಕಿ ತೆಗೆದು, ಗುಡಿಸದೆ, ಒದ್ದೆ ಕಾಗದದಿಂದ ಒತ್ತಿ ಎತ್ತಿ.

ಮುಚ್ಚಳ ಅಲ್ಲಾಡಿಸಿದಾಗ ಗೆರೆ ಬಂದು ಹೋದರೆ ಕೇಬಲ್. ಕಿತ್ತು ಮತ್ತೆ ಕೂರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಬರೀ ಬಿಳಿ ಸ್ಕ್ರೀನ್ ಬಂದರೂ ಅದೇ ಮದ್ದು. ಏನು ಮಾಡಿದರೂ ಅಲ್ಲಾಡದ ಒಂದೇ ನೆಟ್ಟನೆ ಗೆರೆ ಇದ್ದರೆ ಗಾಜಿನ ಅಂಚಿನ ಜೋಡಣೆ ಹೋಗಿದೆ. ಅದು ಮನೆಯಲ್ಲಿ ಆಗುವ ಕೆಲಸವಲ್ಲ. ನನ್ನ ಒಂದು ಲ್ಯಾಪ್‌ಟಾಪಿನಲ್ಲಿ ಹಸಿರು ಗೆರೆ ಹಾಗೇ ಇದೆ, ಅದರ ಜೊತೆಗೇ ಬದುಕುತ್ತಿದ್ದೇವೆ.

"ಆನ್ ಮಾಡಿದಾಗಲೆಲ್ಲ ದಿನಾಂಕ ಕೇಳುತ್ತೆ"

ಗಡಿಯಾರದ ಬ್ಯಾಟರಿ ಮುಗಿದಿದೆ. ಥಿಂಕ್‌ಪ್ಯಾಡುಗಳಲ್ಲಿ 161, 163 ಅಂತ ನಂಬರ್ ಬರುತ್ತದೆ. 161 ಎಂದರೆ ಬ್ಯಾಟರಿ ಸತ್ತಿದೆ, 163 ಎಂದರೆ ದಿನಾಂಕ, ಸಮಯ ಇಟ್ಟಿಲ್ಲ. ಹೆಚ್ಚಿನವುಗಳಲ್ಲಿ ಇರುವುದು ಸಿಆರ್2032 ಬಿಲ್ಲೆ. ಹೊಸದು 3 ವೋಲ್ಟ್ ಮೇಲೆ ತೋರಿಸುತ್ತದೆ. 2.7ಕ್ಕೆ ಇಳಿದಿದ್ದರೆ ಬದಲಾಯಿಸಿ. ತಂತಿ ಜೋಡಿಸಿದ ಬಿಲ್ಲೆ ಆದರೆ ತಂತಿ ಇರುವುದನ್ನೇ ಕೊಳ್ಳಿ. ಬಿಲ್ಲೆಯ ಮೇಲೆ ನೇರ ಬೆಸುಗೆ ಹಾಕಿದರೆ ಸಿಡಿಯಬಹುದು.

90ರ ದಶಕದವುಗಳಲ್ಲಿ ಹುಷಾರು. ಅಲ್ಲಿ ನಿಕಲ್ ಜಾತಿಯ ರೀಚಾರ್ಜ್ ಸೆಲ್ಲುಗಳು ಹಸಿರು ಅಥವಾ ಹಳದಿ ಪ್ಲಾಸ್ಟಿಕ್ ಸುತ್ತಿಕೊಂಡು ಕೂತಿರುತ್ತವೆ. ಕೆಲಸ ಮಾಡಲಿ ಬಿಡಲಿ, ಕಂಡ ಕೂಡಲೇ ಕತ್ತರಿಸಿ ತೆಗೆಯಿರಿ. ಅವು ಸೋರಿ ಬೋರ್ಡಿನ ತಾಮ್ರವನ್ನೇ ತಿನ್ನುತ್ತವೆ. ನೀಲಿ-ಹಸಿರು ಹುಡಿ ಕಂಡರೆ ಸೋರಿದೆ ಅಂತ. ಸೋರಿದ್ದು ಕ್ಷಾರ, ಹಾಗಾಗಿ ಬಿಳಿ ವಿನೆಗರಿನಲ್ಲಿ ಬ್ರಷ್ ಅದ್ದಿ ಉಜ್ಜಿ, ಆಮೇಲೆ ಶುದ್ಧ ನೀರು, ಕೊನೆಗೆ ಆಲ್ಕೋಹಾಲ್. ಎರಡು ದಿನ ಒಣಗಲಿ. ಆ ಜಾಗಕ್ಕೆ ಸಿಆರ್2032 ಹಾಕಬಾರದು. ಬೋರ್ಡ್ ಅದನ್ನು ಚಾರ್ಜ್ ಮಾಡಲು ಹೋಗುತ್ತದೆ, ಅದು ಚಾರ್ಜ್ ಮಾಡುವ ಸೆಲ್ಲೇ ಅಲ್ಲ. ಹಾಕಲೇಬೇಕಿದ್ದರೆ ಚಾರ್ಜ್ ತಡೆಯಲು ನಡುವೆ ಡಯೋಡ್ ಬೇಕು.

ಪಾಸ್‌ವರ್ಡ್ ವಿಷಯವೂ ಇಲ್ಲೇ ಬರುತ್ತದೆ. ಕೆಲವು ಹಳೇ ಮೆಷಿನ್ನುಗಳಲ್ಲಿ ಈ ಬ್ಯಾಟರಿ ತೆಗೆದಿಟ್ಟರೆ ಬಯಾಸ್‌ನ (ಆನ್ ಮಾಡಿದ ಕೂಡಲೇ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಪಾಸ್‌ವರ್ಡ್ ಅಳಿಸುತ್ತದೆ. ಥಿಂಕ್‌ಪ್ಯಾಡಿನ ಸೂಪರ್‌ವೈಸರ್ ಪಾಸ್‌ವರ್ಡ್ ಅಳಿಸುವುದಿಲ್ಲ, ಅದು ಬೇರೆ ಚಿಪ್ಪಿನಲ್ಲಿ ಕೂತಿರುತ್ತದೆ. ಅಂಥದ್ದು ಕೈಗೆ ಬಂದರೆ ಮೊದಲು ಯಾರದ್ದು, ಎಲ್ಲಿಂದ ಬಂತು ಅಂತ ಕೇಳಿ. ಉತ್ತರ ತಡವರಿಸಿದರೆ ಕೊಳ್ಳಬೇಡಿ.

"ಹತ್ತು ನಿಮಿಷ ಓಡಿ ಟಪ್ ಅಂತ ಆಫ್"

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲಲ್ಲಿ ಇದು ದಿನದ ಕಥೆ. ಮಧ್ಯಾಹ್ನ ಆಫ್ ಆಗುವ ಮೆಷಿನ್ ಬೆಳಗಿನ ಜಾವ ಚೆನ್ನಾಗಿ ನಡೆದರೆ ಗುಟ್ಟು ಅಲ್ಲೇ ಇದೆ: ಬಿಸಿ ಹೊರಗೆ ಹೋಗುತ್ತಿಲ್ಲ. ಗಾಳಿ ಬರುವ ಕಿಂಡಿಗೆ ಕೈ ಹಿಡಿಯಿರಿ. ಗಾಳಿಯೇ ಇಲ್ಲದಿದ್ದರೆ ಫ್ಯಾನ್ ನಿಂತಿದೆ. ಸದ್ದು ಜೋರು, ಗಾಳಿ ಕಮ್ಮಿ ಅಂದರೆ ತಾಮ್ರದ ರೆಕ್ಕೆಗಳ ಹಿಂದೆ ಧೂಳು ಕಂಬಳಿಯ ಹಾಗೆ ಕಟ್ಟಿದೆ. ಹೊರಗಿನಿಂದ ಊದಿದರೆ ಆ ಕಂಬಳಿ ಒಳಗೆ ಜರುಗುತ್ತದೆ ಅಷ್ಟೇ. ಬಿಚ್ಚಿ ಎತ್ತಿ ತೆಗೆಯಬೇಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಕಡ್ಡಿಯಿಂದ ತಡೆದು ಹಿಡಿಯಿರಿ. ಗಿರ್ರನೆ ತಿರುಗಿದರೆ ಬೇರಿಂಗ್ ಹಾಳು. ಕಿರುಗುಡುವ ಫ್ಯಾನಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ, ಎರಡಲ್ಲ.

ಹೀಟ್‌ಸಿಂಕ್ (ಚಿಪ್ಪಿನ ಬಿಸಿ ಎಳೆದುಕೊಳ್ಳುವ ಲೋಹದ ಪಟ್ಟಿ) ಎತ್ತಿದ ಮೇಲೆ, ಅದಕ್ಕೂ ಚಿಪ್ಪಿಗೂ ನಡುವೆ ಬಿಸಿ ದಾಟಿಸುವ ಹಳೇ ಪೇಸ್ಟ್ ಒರೆಸಿ ಹೊಸದು ಹಚ್ಚಲೇಬೇಕು. ಪ್ರೊಸೆಸರಿನ ಮೇಲೆ ಜೋಳದ ಕಾಳಿನಷ್ಟು ಸಾಕು. ಪಕ್ಕದ ಚಿಪ್ಪಿನ ಮೇಲೆ ಮೆತ್ತಗಿನ ಪ್ಯಾಡ್ ಇದ್ದರೆ ಅಲ್ಲಿಗೆ ಪ್ಯಾಡೇ ಬೇಕು, ಅದೇ ದಪ್ಪದ್ದು. ಪೇಸ್ಟ್ ಹಚ್ಚಿದರೆ ನಡುವೆ ಸಂದು ಉಳಿದು ಚಿಪ್ ಬೇಯುತ್ತದೆ.

ಈಗ ಎರಡನೇ ಕೊಲೆ. ಇದೇ ಕೆಲಸ ಮುಗಿಸಿ ಮುಚ್ಚುವಾಗ ಸ್ಕ್ರೂಗಳನ್ನೆಲ್ಲ ಒಂದೇ ಬಟ್ಟಲಿಗೆ ಹಾಕಿದ್ದೆ. 4 ಮಿಲಿಮೀಟರ್ ಸ್ಕ್ರೂ ಇರಬೇಕಾದ ತೂತಿಗೆ 8ರದ್ದು ಹೋಯಿತು. ಸ್ವಲ್ಪ ಬಿಗಿ ಅನ್ನಿಸಿತು, ಇನ್ನೂ ತಿರುಗಿಸಿದೆ. ಬೋರ್ಡನ್ನು ತೂತು ಮಾಡಿಕೊಂಡು ಹೋಗಿ ಒಳಪದರದ ತಂತಿ ಕತ್ತರಿಸಿತ್ತು. ಇಡ್ಲಿ ತಟ್ಟೆ ಬಂದಿದ್ದು ಅದಾದ ಮೇಲೆ. ಇನ್ನೊಂದು ಮಾತು: ಜಪಾನಿನಲ್ಲಿ ತಯಾರಾದ ಕೆಲವು ಹಳೇ ಮಾಡೆಲುಗಳಲ್ಲಿ ಪ್ಲಸ್ ಗುರುತಿನ ಸ್ಕ್ರೂ ನೋಡಲು ನಮ್ಮದರ ಹಾಗೇ ಇದ್ದರೂ ತುಸು ಬೇರೆ. ಅದಕ್ಕೆ ಜೆಐಎಸ್ (ಜಪಾನಿನ ಅಳತೆ) ತುದಿಯ ಸ್ಕ್ರೂಡ್ರೈವರ್ ಬೇಕು, ಇಲ್ಲದಿದ್ದರೆ ತಲೆ ಸವೆದು ನಿಲ್ಲುತ್ತದೆ.

"ಒಳಗಿಂದ ಟಕ್ ಟಕ್ ಸದ್ದು, ವಿಂಡೋಸ್ ಬರಲ್ಲ"

ಹಾರ್ಡ್ ಡಿಸ್ಕ್ ಸಾಯುತ್ತಿದೆ. ಒಳಗಿನ ಫೈಲು ಯಾರಿಗಾದರೂ ಬೇಕಿದ್ದರೆ ಈಗಲೇ ಆಫ್ ಮಾಡಿ. ಆನ್ ಮಾಡಿ ನೋಡುವ ಪ್ರತಿಯೊಂದು ಸಲವೂ ಸ್ವಲ್ಪ ಸ್ವಲ್ಪ ಕಳೆದುಹೋಗುತ್ತದೆ. ಸದ್ದು ಇಲ್ಲದೆ ಬರೀ ನಿಧಾನ ಇದ್ದರೆ ಹೊರಗೆ ತೆಗೆದು, ಯುಎಸ್‌ಬಿ ಅಡಾಪ್ಟರಿಗೆ ಹಾಕಿ, ಲಿನಕ್ಸಿನ ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕಿನ ನಕಲು ತೆಗೆಯಿರಿ. ಮದುವೆ ಫೋಟೋ, ಸತ್ತವರ ಫೋಟೋ ಇದ್ದರೆ ಡೇಟಾ ರಿಕವರಿಯವರಿಗೇ ಕೊಡಿ, ನಿಮ್ಮ ಪ್ರಯೋಗಕ್ಕೆ ಅದಲ್ಲ ಜಾಗ.

ಹೊಸ ಡಿಸ್ಕ್ ಹುಡುಕುವುದಕ್ಕಿಂತ ಸುಲಭದ ದಾರಿ ಇದೆ. 44 ಪಿನ್ನಿನ ಐಡಿಇ (ಹಳೇ ಹಾರ್ಡ್ ಡಿಸ್ಕಿನ ಜೋಡಣೆ) ಇರುವ ಮೆಷಿನ್ನಿಗೆ ಕಾಂಪ್ಯಾಕ್ಟ್ ಫ್ಲ್ಯಾಶ್ (ಹಳೇ ಕ್ಯಾಮೆರಾಗಳ ಮೆಮೊರಿ) ಕಾರ್ಡ್ ಅಡಾಪ್ಟರ್ ಅಗ್ಗಕ್ಕೆ ಸಿಗುತ್ತದೆ. ಕಾರ್ಡಿಗೆ ಐಡಿಇ ಭಾಷೆ ಹುಟ್ಟಿನಿಂದಲೇ ಬರುತ್ತದೆ, ನಡುವೆ ಚಿಪ್ ಬೇಕಿಲ್ಲ. ಸದ್ದಿಲ್ಲ, ಬಿಸಿಯಿಲ್ಲ. ಗಾತ್ರ ಮಾತ್ರ ನೋಡಿಕೊಳ್ಳಿ. 90ರ ದಶಕದ ಮೊದಲರ್ಧದ ಬಯಾಸ್ 504 ಎಂಬಿ ದಾಟಿದ್ದನ್ನು ಕಾಣುವುದಿಲ್ಲ. ಆಮೇಲಿನವು 8.4 ಜಿಬಿಗೆ, ಇನ್ನೂ ಆಮೇಲಿನವು 137 ಜಿಬಿಗೆ ನಿಲ್ಲುತ್ತವೆ. ವಿಂಡೋಸ್ ಎಕ್ಸ್‌ಪಿ ಹಾಕುವುದಿದ್ದರೆ ಕಾರ್ಡ್ ತನ್ನನ್ನು ಫಿಕ್ಸೆಡ್ ಡಿಸ್ಕ್ ಅಂತ ಹೇಳಿಕೊಳ್ಳುವ ಜಾತಿಯದಾಗಿರಲಿ, ಇಲ್ಲದಿದ್ದರೆ ಪೆನ್ ಡ್ರೈವ್ ಅಂದುಕೊಂಡು ಎಕ್ಸ್‌ಪಿ ತಕರಾರು ಮಾಡುತ್ತದೆ. ಎಕ್ಸ್‌ಪಿಗೆ 2014ರ ಏಪ್ರಿಲಿನಲ್ಲೇ ಅಪ್‌ಡೇಟ್ ನಿಂತಿದೆ. ಅದರಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ.

"ಮುಟ್ಟಿದರೆ ಅಂಟು, ಕೆಲವು ಕೀ ಒತ್ತಲ್ಲ"

ಮುಚ್ಚಳದ ಮೆತ್ತನೆ ರಬ್ಬರ್ ಲೇಪ ಹಳತಾದರೆ ಹಲಸಿನ ಮೇಣದ ಹಾಗಾಗುತ್ತದೆ. ಆಲ್ಕೋಹಾಲಿನಿಂದ ಒರೆಸಿ ಪೂರ್ತಿ ತೆಗೆದುಬಿಡಿ, ಕೆಳಗೆ ಗಟ್ಟಿ ಪ್ಲಾಸ್ಟಿಕ್ ಇರುತ್ತದೆ. ಕೀ ಕೆಲಸ ಮಾಡದಿದ್ದರೆ ಮೊದಲು ಕೀಬೋರ್ಡಿನ ಪಟ್ಟಿ ಕೇಬಲ್ ಕಿತ್ತು ಮತ್ತೆ ಕೂರಿಸಿ. ಒಂದೇ ಸಾಲಿನ ಹಲವು ಕೀ ಹೋಗಿದ್ದರೆ ಒಳಗಿನ ಹಾಳೆ ಹರಿದಿದೆ, ಬೇರೆ ಕೀಬೋರ್ಡ್ ಹುಡುಕಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರಿದ್ದರೆ ಪಾರ್ಟ್ ನಂಬರ್ ಬರೆದುಕೊಡಿ. ಮಾಡೆಲ್ ಹೆಸರು ಮಾತ್ರ ಕೊಟ್ಟರೆ ಬೇರೆಯದೇ ಬರುತ್ತದೆ.

"ಎಲ್ಲ ಸರಿ ಹೋಯ್ತು, ಕನ್ನಡ ಫೈಲ್ ಮಾತ್ರ ಕಸದ ಥರ ಕಾಣುತ್ತೆ"

ಇದು ದೋಷವೇ ಅಲ್ಲ. ಆದರೂ ನನ್ನನ್ನು ಜಾಸ್ತಿ ಜನ ಕೇಳಿದ್ದು ಇದನ್ನೇ. ಆ ಕಾಲದ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಫೈಲುಗಳಲ್ಲಿ ಅಕ್ಷರ ಕನ್ನಡದ್ದಾಗಿ ಉಳಿದಿರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್ ಅದಕ್ಕೆ ವೇಷ ಹಾಕಿರುತ್ತದೆ. ಫಾಂಟ್ ಇಲ್ಲದಿದ್ದರೆ ವೇಷ ಕಳಚುತ್ತದೆ. ಹಾಗಾಗಿ ಹಳೇ ಡಿಸ್ಕ್ ಅಳಿಸುವ ಮೊದಲು ಅದರ ಫಾಂಟ್ಸ್ ಫೋಲ್ಡರನ್ನೂ ನಕಲು ಮಾಡಿಕೊಳ್ಳಿ. ಅದೇ ಫಾಂಟ್ ಹಾಕಿದರೆ ಅಕ್ಷರ ಮರಳುತ್ತದೆ, ಆಮೇಲೆ ಪರಿವರ್ತಕ ಬಳಸಿ ಯೂನಿಕೋಡಿಗೆ, ಅಂದರೆ ಈಗ ಎಲ್ಲ ಕಡೆ ಓದಲಾಗುವ ಅಕ್ಷರ ಪದ್ಧತಿಗೆ, ತರಬಹುದು. ಹೋದ ವರ್ಷ ಚಿತ್ರದುರ್ಗದಿಂದ ಬಂದ ಒಂದು ಮೆಷಿನ್ನಿನಲ್ಲಿ ಹೀಗೆ ತೆರೆದುಕೊಂಡಿದ್ದು ಯಾರೋ ಮೇಷ್ಟ್ರು ಟೈಪ್ ಮಾಡಿಟ್ಟಿದ್ದ ಏಳನೇ ಕ್ಲಾಸಿನ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆ. ಮಾರಿದವರನ್ನು ಹಿಡಿದು ಆ ಮೇಷ್ಟ್ರಿಗೆ ಮುಟ್ಟಿಸಿದೆ. ಮೇಷ್ಟ್ರು ಪ್ರಶ್ನೆಪತ್ರಿಕೆ ಬೇಡ ಅಂದರು. ಲ್ಯಾಪ್‌ಟಾಪ್ ಇನ್ನೂ ನಡೀತಾ ಅಂತ ಮೂರು ಸಲ ಕೇಳಿದರು.